ಬಾತುಕೋಳಿ ಮೇಷ್ಟ್ರು

ಊರೆಂದ ಮೇಲೆ ಅಲ್ಲಿ ಒಬ್ಬ ನಾಟಿವೈದ್ಯ, ಒಬ್ಬ ವ್ಯಾಜ್ಯಪ್ರಿಯ, ಮದುವೆಯ ಮನೆಯಲ್ಲಿ ಯಾರೂ ನೇಮಿಸದೆಯೇ ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಬ್ಬ ಮಹನೀಯ, ಇಷ್ಟು ಮಂದಿ ಇದ್ದೇ ಇರಬೇಕೆಂಬುದು ಹಿಂದಿನಿಂದ ನಡೆದುಬಂದ ಪದ್ಧತಿ; ಕಾಲಧರ್ಮವನ್ನನುಸರಿಸಿ ಈಗ್ಗೆ ಇಪ್ಪತ್ತು ವರ್ಷಗಳಿಂದೀಚೆಗೆ ಈ ಪಂಕ್ತಿಯಲ್ಲಿ ಇನ್ನೊಬ್ಬರು ಬಂದು ಕುಳಿತಿದ್ದಾರೆ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರೊಂದನ್ನು ಕಂಡೊಡನೆ, ಅದರೊಳಗೆ ಎರಡನೆಯದೊಂದು ಆಪರೇಟಿಂಗ್ ಸಿಸ್ಟಂ ಬಂದು ನೆಲಸದ ಹೊರತು ಆ ಯಂತ್ರದ ಜನ್ಮ ಸಾರ್ಥಕವಾಗದೆಂದು ಅಂತಃಕರಣಪೂರ್ವಕವಾಗಿ ನಂಬಿ, ಮನೆಯವರ ಅನುಮತಿ ದೊರೆಯುವುದಕ್ಕೆ ಮುನ್ನವೇ ಜೇಬಿನಿಂದ ಪೆನ್‌ಡ್ರೈವನ್ನು ಹೊರತೆಗೆಯುವವರು ಇವರು. ಇವರಲ್ಲಿ ದುರುದ್ದೇಶವು ಲೇಶಮಾತ್ರವೂ ಇಲ್ಲ. ದುರುದ್ದೇಶವಿದ್ದಿದ್ದರೆ ತಡೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೊಸದುರ್ಗ ತಾಲ್ಲೂಕಿನ ಹೋಬಳಿಗಳಲ್ಲಿ ಒಂದಾದ ನಮ್ಮ ಮಾಡದಕೆರೆಯಲ್ಲಿ ಈ ಪಂಥವನ್ನು ಪ್ರತಿನಿಧಿಸತಕ್ಕವರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ, ಈಗ ತೆಂಗಿನ ತೋಟ ನೋಡಿಕೊಂಡಿರುವ ಒಬ್ಬ ಮೇಷ್ಟ್ರು. ಅವರಿಗೆ ತಂದೆತಾಯಿಗಳಿಟ್ಟ ಹೆಸರು ಪಡಿತರ ಚೀಟಿಯಲ್ಲಿ ಸುಖವಾಗಿದೆ. ಊರಿನ ಬಾಯಲ್ಲಿ ಅವರು ಬಾತುಕೋಳಿ ಮೇಷ್ಟ್ರು. ಲಿನಕ್ಸ್ ಎಂಬ ವ್ಯವಸ್ಥೆಗೆ 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬುವರು ಬರೆದುಕೊಟ್ಟ ಲಾಂಛನವಾದ, ಹೊಟ್ಟೆ ತುಂಬಿ ತೃಪ್ತಿಯಿಂದ ಕುಳಿತಿರುವ ಪೆಂಗ್ವಿನ್ ಹಕ್ಕಿಯ ಚಿತ್ರವನ್ನು ಮೇಷ್ಟ್ರು ತಮ್ಮ ಸ್ಕೂಟರಿನ ಮುಂಭಾಗದಲ್ಲಿ, ಇತರರು ಮನೆದೇವರ ಹೆಸರು ಬರೆಸುವ ಸ್ಥಾನದಲ್ಲಿ, ಅಂಟಿಸಿಕೊಂಡದ್ದೇ ಈ ನಾಮಕರಣಕ್ಕೆ ಕಾರಣ. ಅದು ದಕ್ಷಿಣಧ್ರುವದ ಪಕ್ಷಿಯೆಂದೂ ಬಾತುಕೋಳಿಯಲ್ಲವೆಂದೂ ಅವರು ಒಂದು ವರ್ಷ ಊರಿಗೆಲ್ಲ ಪಾಠ ಹೇಳಿದರು. "ಇರಬಹುದು ಮೇಷ್ಟ್ರೇ, ಆದರೆ ನಮ್ಮ ಸೀಮೆ ಬಿಸಿಲಿಗೆ ಬಂದ ಮೇಲೆ ಅದೂ ಬಾತುಕೋಳಿನೇ ಆಗಬೇಕಲ್ಲ" ಎಂದು ಟೀ ಅಂಗಡಿಯವನು ತೀರ್ಪು ಕೊಟ್ಟ ಮೇಲೆ, ಮೇಲ್ಮನವಿಗೆ ಅವಕಾಶವಿಲ್ಲವೆಂಬುದನ್ನರಿತು ಸುಮ್ಮನಾದರು.

ಮೇಷ್ಟ್ರಿಗೆ ದೀಕ್ಷೆಯಾದದ್ದು ಅಂಚೆಯ ಮೂಲಕ. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಎಂಬ ಶ್ರೀಮಂತರ ಪೋಷಣೆಯಿಂದ 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಹೆಸರಿನ ಲಿನಕ್ಸ್ ಹೊರಬಂದು, ಬೇಕೆಂದು ಕೇಳಿದವರಿಗೆಲ್ಲ, ಅವರು ಭೂಮಂಡಲದ ಯಾವ ಮೂಲೆಯಲ್ಲಿದ್ದರೂ, ಅದರ ಸೀಡಿಗಳನ್ನು ಅಂಚೆಯ ಖರ್ಚನ್ನೂ ಕೇಳದೆ ಕಳುಹಿಸಿಕೊಡುವ ಏರ್ಪಾಡು 2011ರವರೆಗೂ ನಡೆಯಿತು. ಈ ಸುದ್ದಿಯನ್ನು ಹೊಸದುರ್ಗದ ಸೈಬರ್ ಕೆಫೆಯೊಂದರಲ್ಲಿ ಓದಿದ ಮೇಷ್ಟ್ರು, ಪುಕ್ಕಟೆಯಾಗಿ ಬರುವ ವಸ್ತುವನ್ನು ಒಂದೇ ಒಂದು ಕೇಳುವುದು ಕೊಡುವವರಿಗೆ ಮಾಡುವ ಅಗೌರವವೆಂದು ಭಾವಿಸಿ ಹತ್ತು ಕೇಳಿದರು. ಕೆಲವು ವಾರಗಳ ಅನಂತರ ಹೊರದೇಶದ ಮುದ್ರೆ ಹೊತ್ತ ಲಕೋಟೆಯನ್ನು ಅಂಚೆಯಣ್ಣನು ಎರಡು ಕೈಗಳಲ್ಲಿ ಹಿಡಿದು, ದಾರಿಯುದ್ದಕ್ಕೂ ನಾಲ್ಕಾರು ಮನೆಯವರಿಗೆ ದರ್ಶನ ಮಾಡಿಸುತ್ತ ತಂದುದರಿಂದ, ಮೇಷ್ಟ್ರಿಗೆ ಪರದೇಶದಲ್ಲಿ ಆಸ್ತಿ ಬಂದಿದೆಯೆಂಬ ವದಂತಿ ಲಕೋಟೆಗಿಂತ ಮೊದಲೇ ಅವರ ಮನೆಯನ್ನು ತಲಪಿತು. ಆಗ ನಮ್ಮೂರಿನಲ್ಲಿದ್ದ ಕಂಪ್ಯೂಟರುಗಳ ಸಂಖ್ಯೆ ಆ ಸೀಡಿಗಳ ಸಂಖ್ಯೆಗಿಂತ ಕಡಮೆ. ಹೀಗೆ ಮಿಗತೆಯಾದವುಗಳನ್ನು ಪಡೆದ ರೈತರು, ಹಾಳಾಗಬಾರದೆಂದು ಅವುಗಳನ್ನು ದಾರಕ್ಕೆ ಪೋಣಿಸಿ ಸಾವೆಯ ಹೊಲದಲ್ಲಿ ಗೂಟಗಳಿಗೆ ತೂಗುಹಾಕಿದರು; ಗಾಳಿಗೆ ತಿರುಗಿ ಬಿಸಿಲಿಗೆ ಫಳಫಳನೆ ಹೊಳೆಯುವ ಆ ಬಿಲ್ಲೆಗಳನ್ನು ಕಂಡು ಗುಬ್ಬಿಗಳು ಒಂದು ಹಂಗಾಮು ಆ ಕಡೆಗೆ ಸುಳಿಯಲಿಲ್ಲ. ಮಾನವರೆಲ್ಲರೂ ಒಬ್ಬರಿಗೊಬ್ಬರಾಗಿ ಬದುಕುವ ಸಹಜೀವನ ಎಂಬ ಅರ್ಥದ ಆಫ್ರಿಕದ ಶಬ್ದವನ್ನು ಹೊತ್ತ ಸೀಡಿಯು ನಮ್ಮೂರಿನಲ್ಲಿ ಮೊದಲು ಮಾಡಿದ ಕೆಲಸ ಹಕ್ಕಿಗಳನ್ನು ಓಡಿಸಿದ್ದು. ಮೇಷ್ಟ್ರು ಇದರಿಂದ ನೊಂದುಕೊಳ್ಳಲಿಲ್ಲ. "ಪ್ರಚಾರ ಯಾವ ರೂಪದಲ್ಲಾದರೇನು?" ಎಂದರು.

ಅವರ ಪ್ರಚಾರಕ್ಕೆ ಒಂದು ಶಾಸ್ತ್ರವಿದೆ. ಶಾಸ್ತ್ರಕ್ಕೆ ತಕ್ಕ ಪುರಾಣವೂ ಇದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬ ಪುರುಷನು, ತಂತ್ರಾಂಶವೆಂಬುದು ಓದಬಲ್ಲವನಿಗೆ ಓದಲು, ತಿದ್ದಬಲ್ಲವನಿಗೆ ತಿದ್ದಲು, ನೆರೆಯವನಿಗೆ ಕೊಡಬೇಕೆಂಬುವನಿಗೆ ಕೊಡಲು ಮುಕ್ತವಾಗಿರಬೇಕೆಂದು ಸಂಕಲ್ಪ ಮಾಡಿದ್ದು ಅದರ ಆದಿಪರ್ವ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿಯು, ಹವ್ಯಾಸಕ್ಕಾಗಿ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ಲೋಕಕ್ಕೆ ತಿಳಿಸಿದ್ದು ಎರಡನೆಯ ಪರ್ವ. ಇದನ್ನು ಮೇಷ್ಟ್ರು ಪಂಡಿತರಿಗೆ ಒಂದು ರೀತಿ, ರೈತರಿಗೆ ಒಂದು ರೀತಿ ಹೇಳಬಲ್ಲರು. "ನಿಮ್ಮ ತಾತ ಬಿತ್ತನೆ ರಾಗಿಯನ್ನು ಅಂಗಡಿಯಿಂದ ತರುತ್ತಿದ್ದರೇ? ಬೆಳೆದದ್ದರಲ್ಲೇ ಒಳ್ಳೆಯ ತೆನೆ ಆರಿಸಿ ಎತ್ತಿಡುತ್ತಿದ್ದರು. ಪಕ್ಕದವರು ಕೇಳಿದರೆ ಒಂದು ಸೇರು ಕೊಡುತ್ತಿದ್ದರು. ಇದೂ ಹಾಗೆಯೇ. ವಿಂಡೋಸು ಮಾತ್ರ ಪ್ರತಿ ಸಾರಿಯೂ ಕೊಂಡುತರುವ ಪಾಕೀಟು ಬೀಜ" ಎಂದು ಅವರು ಹೇಳುವಾಗ ನಮ್ಮ ರೈತರು ತಲೆದೂಗುತ್ತಾರೆ, ತಲೆದೂಗಿ ಪಾಕೀಟು ಬೀಜ ತರಲು ಹೊಸದುರ್ಗದ ಬಸ್ಸು ಹತ್ತುತ್ತಾರೆ. ಯಾರಾದರೂ ತಮಗೆ ಲಿನಕ್ಸ್ ಬೇಡವೆಂದರೆ, ಅವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನೇ ತೋರಿಸಿ, ಅದರ ತಿರುಳು ಲಿನಕ್ಸೇ ಎಂದೂ, 2017ರ ನವೆಂಬರಿನಿಂದ ಲೋಕದ ಅಗ್ರಗಣ್ಯವಾದ 500 ಸೂಪರ್‌ಕಂಪ್ಯೂಟರುಗಳೆಲ್ಲವೂ ಲಿನಕ್ಸಿನಲ್ಲೇ ನಡೆಯುತ್ತಿವೆಯೆಂದೂ, ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳ ಸರ್ಕಾರದ ಕೃಪೆಯಿಂದ ಮುಕ್ತ ತಂತ್ರಾಂಶದಲ್ಲಿಯೇ ಕಂಪ್ಯೂಟರು ಕಲಿಯುತ್ತಿರುವರೆಂದೂ, ಮೂರು ಬಾಣಗಳನ್ನು ಒಂದೇ ಉಸಿರಿನಲ್ಲಿ ಬಿಡುವರು. ಇವು ಮೂರೂ ಸತ್ಯವಾದುದರಿಂದ ಕೇಳುವವನಿಗೆ ಓಡಿಹೋಗುವುದಲ್ಲದೆ ಬೇರೆ ಉತ್ತರವಿರುವುದಿಲ್ಲ.

ಮುಂದಿನ ವರ್ಷ ಲೋಕದ ಮನೆಮನೆಯ ಕಂಪ್ಯೂಟರೂ ಲಿನಕ್ಸಿಗೆ ಬರುವುದೆಂಬುದು ಮೇಷ್ಟ್ರು ಪ್ರತಿವರ್ಷ ಯುಗಾದಿಯಂದು ನುಡಿಯುವ ಭವಿಷ್ಯ. ಹಿಂದೆ ಇದಕ್ಕೆ ನಾವು ನಗುತ್ತಿದ್ದೆವು. ಆದರೆ 2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರವು ತುಂಬಿ ಕೋಡಿಬಿದ್ದಿತಷ್ಟೆ. ಅಲ್ಲಿಂದೀಚೆಗೆ ಮೇಷ್ಟ್ರ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿದೆ. "1907ರಲ್ಲಿ ಕಟ್ಟಿ ಮುಗಿಸಿದ ಕಟ್ಟೆ, ಮೊದಲು ಕೋಡಿಬಿದ್ದದ್ದು 1933ರಲ್ಲಿ. ಎರಡನೆಯ ಸಲಕ್ಕೆ 89 ವರ್ಷ ಕಾಯಬೇಕಾಯಿತು. ಅಷ್ಟು ದಿನ ಅದು ತುಂಬುವುದಿಲ್ಲ, ತುಂಬುವುದಿಲ್ಲ ಎಂದವರೆಲ್ಲ ಎಲ್ಲಿ? ಮೂರನೆಯ ಸಲಕ್ಕೆ ಎರಡೂವರೆ ವರ್ಷವೂ ಹಿಡಿಯಲಿಲ್ಲ, 2025ರ ಜನವರಿಯಲ್ಲೇ ಬಿತ್ತು" ಎಂದು ಅವರು ಬೆರಳು ಮಡಚಿ ಲೆಕ್ಕ ಒಪ್ಪಿಸಿದರೆ, ವೇದಾವತಿಯ ನೀರು ಕುಡಿದವರಾರೂ ಎದುರು ಹೇಳುವಂತಿಲ್ಲ.

ಇಂತಹವರ ಕೈಗೆ ನಾನು ಸಿಕ್ಕಿದ್ದು 2025ರ ಅಕ್ಟೋಬರ್ 14ನೆಯ ಮಂಗಳವಾರ. ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಬೆಂಬಲ ಅಂದಿಗೆ ಮುಕ್ತಾಯವಾಗತಕ್ಕದ್ದೆಂಬುದನ್ನು ಮೇಷ್ಟ್ರು ಪಂಚಾಂಗದಲ್ಲಿ ಗ್ರಹಣದ ಪಕ್ಕದಲ್ಲಿ ಗುರುತುಹಾಕಿಕೊಂಡಿದ್ದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ನನ್ನ ಹಳೆಯ ಡೆಸ್ಕ್‌ಟಾಪಿನಲ್ಲಿ ಅದು ಇಲ್ಲ. ಆದುದರಿಂದ ನನ್ನ ಯಂತ್ರವು ಆ ದಿನ ಸೂರ್ಯಾಸ್ತಮಾನದಿಂದ ಅನಾಥವೆಂಬುದನ್ನು, ಸಾವಿನ ಮನೆಗೆ ಬಂದವರ ದನಿಯಲ್ಲಿ, ಜಗಲಿಯ ಮೇಲೆ ಕುಳಿತು ತಿಳಿಸಿದರು. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷದ ವಾಯಿದೆ ದೊರೆಯುವ ಏರ್ಪಾಡೂ ಇತ್ತೆಂಬುದು ನನಗೆ ತಿಳಿದದ್ದು ಅನಂತರ. ಅದನ್ನು ಮೇಷ್ಟ್ರು ಹೇಳಲಿಲ್ಲ. ಸುಳ್ಳು ಹೇಳುವವರಲ್ಲ ಅವರು, ಸತ್ಯವನ್ನು ಕಂತಿನಲ್ಲಿ ಹೇಳುವವರು.

"ವಿಂಡೋಸನ್ನು ತೆಗೆಯುವುದು ಬೇಡ, ಅದು ಅದರ ಪಾಡಿಗೆ ಇರಲಿ. ಪಕ್ಕದಲ್ಲಿ ಇದನ್ನೂ ಹಾಕೋಣ" ಎಂದರು. ಒಂದೇ ಯಂತ್ರದಲ್ಲಿ ಎರಡು ಸಂಸಾರ ನಡೆಯುವ ಬಗೆ ಹೇಗೆಂದು ನನ್ನ ಮನೆಯವಳು ಒಳಗಿನಿಂದಲೇ ಕೇಳಿದಳು. ಮೇಷ್ಟ್ರು ದೂರದ ಉಪಮಾನಕ್ಕೆ ಹೋಗಲಿಲ್ಲ. "ನಮ್ಮ ತೋಟ ನೋಡಿಲ್ಲವೇನಮ್ಮ? ಬೋರು ಒಂದು, ತೋಟ ಎರಡು. ನನ್ನ ಸರದಿಯಲ್ಲಿ ನೀರೆಲ್ಲ ನನಗೆ. ತಮ್ಮನ ಸರದಿಯಲ್ಲಿ ನೀರೆಲ್ಲ ಅವನಿಗೆ. ಇಬ್ಬರೂ ಒಟ್ಟಿಗೆ ತಿರುಗಿಸಿಕೊಳ್ಳುವ ಹಾಗಿಲ್ಲ. ಕಂಪ್ಯೂಟರು ಹಾಕುವಾಗಲೇ ಈ ಹೊತ್ತಿನ ಸರದಿ ಯಾರದೆಂದು ಹೇಳಿಬಿಟ್ಟರೆ ಮುಗಿಯಿತು." ಜಂಟಿ ಬೋರಿನಿಂದ ಹುಟ್ಟಿದ ವ್ಯಾಜ್ಯಗಳ ಸಂಖ್ಯೆಯನ್ನು ಬಲ್ಲವಳಾದ್ದರಿಂದ ಆಕೆ ಮತ್ತೇನೂ ಕೇಳದೆ, ಕಾಫಿಗೆ ನೀರಿಡಲು ಹೋದಳು.

ಕಾರ್ಯಾರಂಭಕ್ಕೆ ಮುಂಚೆ ಮೇಷ್ಟ್ರು ಕೇಳಿದ ಪ್ರಶ್ನೆ ಒಂದೇ: "ಎಲ್ಲದಕ್ಕೂ ನಕಲು ಇಟ್ಟಿದ್ದೀರಾ?" ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕಪತ್ರಗಳೆಲ್ಲ ಆ ಯಂತ್ರದಲ್ಲಿದ್ದುವು, ಅವಕ್ಕೆ ಎರಡೆರಡು ಜೆರಾಕ್ಸ್ ಪ್ರತಿ ತೆಗೆಸಿ ಟ್ರಂಕಿನಲ್ಲಿಟ್ಟಿದ್ದೆನಾಗಿ, ನಿರ್ಮಲವಾದ ಮನಸ್ಸಿನಿಂದ "ಇಟ್ಟಿದ್ದೇನೆ" ಎಂದೆ. ಅವರು ಕೇಳಿದ ನಕಲು ಬೇರೆ, ನಾನು ಇಟ್ಟ ನಕಲು ಬೇರೆ ಎಂಬುದು ಗೊತ್ತಾಗುವ ಹೊತ್ತಿಗೆ ನಾವಿಬ್ಬರೂ ನಡುಹೊಳೆಯಲ್ಲಿದ್ದೆವು.

ಮೇಷ್ಟ್ರು ಪೆನ್‌ಡ್ರೈವನ್ನು ಯಂತ್ರದ ಕಿಂಡಿಗೆ ಸಿಕ್ಕಿಸಿ, ಸ್ವಿಚ್ಚು ಒತ್ತಿದ ಕ್ಷಣದಿಂದ ಎಫ್ 12 ಎಂಬ ಕೀಲಿಯನ್ನು ಮರಕುಟಿಗನು ಕಾಂಡವನ್ನು ಕುಟ್ಟುವ ವೇಗದಲ್ಲಿ ಕುಟ್ಟತೊಡಗಿದರು. ಕಿಂಡಿಯಿಂದ ನುಸುಳಿಬಂದವರನ್ನು ಒನಕೆಯಿಂದ ವಿಚಾರಿಸಿಕೊಂಡ ಸೀಮೆ ನಮ್ಮದು. ಈ ಯಂತ್ರಗಳಲ್ಲಿಯೂ ಸೆಕ್ಯೂರ್ ಬೂಟ್ ಎಂಬ ಓಬವ್ವನನ್ನು ಕೂರಿಸಿದ್ದಾರೆಂದೂ, ಗುರುತಿನ ಸಹಿ ಇಲ್ಲದವರನ್ನು ಆಕೆ ಒಳಗೆ ಬಿಡುವುದಿಲ್ಲವೆಂದೂ, ಉಬುಂಟುವಿನ ಬಳಿ ಆ ಸಹಿ ಇರುವುದೆಂದೂ ಅವರು ವಿವರಿಸಿದರು. ತೆರೆಯ ಮೇಲೆ ಹೊಸ ಬಣ್ಣ ಮೂಡಿತು. 2024ರ ಏಪ್ರಿಲಿನಲ್ಲಿ ಹೊರಟದ್ದಾದುದರಿಂದ 24.04 ಎಂದು ಅದರ ಹೆಸರು; ವರ್ಷ ಮೊದಲು, ತಿಂಗಳು ಆಮೇಲೆ. ತೆಂಗಿನ ಸಸಿ ನೆಟ್ಟ ತಾರೀಖನ್ನು ಬುಡದ ಕಲ್ಲಿನ ಮೇಲೆ ಬರೆಯುವ ಮೇಷ್ಟ್ರಿಗೆ ಈ ಪದ್ಧತಿ ಬಹಳ ಹಿಡಿಸಿತ್ತು.

ಅನಂತರ ನಡೆದದ್ದು ಹಿಸ್ಸೆ. ನನ್ನ ಡಿಸ್ಕಿನ ಮೇಲೆ 500 ಜಿಬಿ ಎಂದು ಅಚ್ಚಾಗಿದ್ದರೂ ವಿಂಡೋಸು ತೋರಿಸುತ್ತಿದ್ದುದು 465. ಉಳಿದ 35ನ್ನು ಯಾರು ತಿಂದರೆಂದು ನಾನು ಹಿಂದೆ ಬಹಳ ಸಂಶಯಪಟ್ಟಿದ್ದೆ. ಮಾರುವವರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು 1024ರ ಲೆಕ್ಕದಲ್ಲಿಯೂ ಅಳೆಯುವುದರಿಂದ ಬಂದ ವ್ಯತ್ಯಾಸವದೆಂದು ಮೇಷ್ಟ್ರು ಬಿಡಿಸಿ, "ಪಹಣಿಯಲ್ಲಿ ಎರಡು ಎಕರೆ ಅಂತಿರುತ್ತೆ, ಸರಪಳಿ ಹಿಡಿದರೆ ಒಂದು ಎಕರೆ ಮೂವತ್ತೈದು ಗುಂಟೆ. ಭೂಮಿ ಎಲ್ಲಿಗೂ ಹೋಗಿಲ್ಲ, ಅಳೆದವನ ಗಜ ಬೇರೆ" ಎಂದರು. ತೆರೆಯ ಮೇಲೆ ಡಿಸ್ಕು ಒಂದು ಉದ್ದನೆಯ ಪಟ್ಟಿಯಾಗಿ, ಸರ್ವೆಯವರ ನಕ್ಷೆಯ ಹಾಗೆ, ಮಲಗಿತ್ತು. ತುದಿಯಲ್ಲಿದ್ದ ಒಂದೆರಡು ಚಿಕ್ಕ ತುಂಡುಗಳನ್ನು ತೋರಿಸಿ ಅವು ಯಾರ ಬಳಕೆಗೂ ಬಾರದ ಖರಾಬೆಂದರು. ಯಂತ್ರ ಎದ್ದೊಡನೆ ಮೊದಲು ನೋಡುವ ಇನ್ನೊಂದು ಸಣ್ಣ ತುಂಡನ್ನು ತೋರಿಸಿ, ಅದು ಇಬ್ಬರೂ ಓಡಾಡಬೇಕಾದ ಬಂಡಿದಾರಿ, ಅದನ್ನು ಯಾರೂ ಒತ್ತುವರಿ ಮಾಡುವಂತಿಲ್ಲವೆಂದರು. ಉಬುಂಟುವಿಗೆ ಹೇಗೂ 25 ಜಿಬಿ ಇದ್ದರೆ ಸಾಕು, ಆದರೆ ಮೇಷ್ಟ್ರು ಆ ನಡುಗೆರೆಯನ್ನು ಮೌಸಿನಿಂದ ಹಿಡಿದು ಎಡಕ್ಕೆ ಎಳೆದರು, 80 ಆಯಿತು, ಇನ್ನೂ ಎಳೆದರು, 120 ಆಯಿತು, ಮುಖ ನೋಡಿದರು. ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿಯಲ್ಲಿ ಪಂಚರು ಹಿರಿಯವನ ಮುಖ ನೋಡುವುದು ಹೀಗೆಯೇ. "ಕಿರಿಯವನಿಗೆ ಇಷ್ಟಾದರೂ ಬೇಡವೆ?" ಎಂದರು. ನಾನು ಹೂಂ ಎಂದೆ. ಈ ಮಾತನ್ನು ಅವರು ಕೇಳಿದ್ದು ಡಿಸ್ಕಿನ ವಿಚಾರವಾಗಿ ಮಾತ್ರವಲ್ಲವೆಂದು, ಅವರ ಮನೆಯ ಪಾಲಿನಲ್ಲಿ ತಮ್ಮನಿಗೆ ಬಂದದ್ದು ಕಲ್ಲುಮೂಲೆಯೆಂದು ಬಲ್ಲ ನನಗೆ ಆಮೇಲೆ ಅನ್ನಿಸಿತು.

ವಿಂಡೋಸು ತನ್ನ ಸಾಮಾನನ್ನು ಒತ್ತೊತ್ತಾಗಿ ಸರಿಸಿಕೊಂಡು ಜಾಗ ಬಿಡುವ ಕಾರ್ಯ ನಡೆಯುತ್ತಿತ್ತು. ಈ ಘಟ್ಟದಲ್ಲಿ ಯಂತ್ರ ಆರಿದರೆ ಎರಡೂ ಮನೆ ಬಿದ್ದಂತೆಯೇ ಎಂದು ಮೇಷ್ಟ್ರು ಹೇಳಿ ಮುಗಿಸುವುದಕ್ಕೂ, ತಲೆಯ ಮೇಲಿನ ಫ್ಯಾನು ನಿಧಾನವಾಗುವುದಕ್ಕೂ ಸರಿಹೋಯಿತು. ಕರೆಂಟು ಹೋಗಿತ್ತು. ಮೇಜಿನ ಕೆಳಗಿದ್ದ ಯುಪಿಎಸ್ಸು, ಮೂರು ವರ್ಷದಿಂದ ಬ್ಯಾಟರಿ ಬದಲಾಯಿಸದ ನನ್ನ ಪಾಪವನ್ನು ಊರಿಗೆ ಸಾರುವಂತೆ, ಕೂಂ ಕೂಂ ಎಂದು ಕೂಗಲು ಮೊದಲಿಟ್ಟಿತು. ಮೇಷ್ಟ್ರು ನೆಲದ ಮೇಲೆ ಕುಳಿತು ಅದರ ಮೇಲೆ ಅಂಗೈಯಿಟ್ಟರು, ಜ್ವರದ ಮಗುವಿನ ಹಣೆ ಮುಟ್ಟುವವರಂತೆ. "ನಕಲು ಇದೆಯಲ್ಲ, ಏನೂ ಭಯವಿಲ್ಲ" ಎಂದರು. "ಇದೆ, ಟ್ರಂಕಿನಲ್ಲಿದೆ" ಎಂದೆ. "ಟ್ರಂಕಿನಲ್ಲಿ? ಯಾವ ಡಿಸ್ಕು?" "ಡಿಸ್ಕಲ್ಲ ಮೇಷ್ಟ್ರೇ, ಜೆರಾಕ್ಸು." ಅವರ ಮುಖದಲ್ಲಿದ್ದ ರಕ್ತವೆಲ್ಲ ಎತ್ತ ಹೋಯಿತೋ ನಾನರಿಯೆ. ಯುಪಿಎಸ್ಸಿನ ಕೂಗುಗಳ ನಡುವಣ ಅಂತರ ಕಿರಿದಾಗುತ್ತ ಬಂದು ಒಂದೇ ರಾಗವಾಗುವ ಸಮಯಕ್ಕೆ, ಫ್ಯಾನು ಒಮ್ಮೆ ನರಳಿ, ತಿರುಗಿತು. ಒಳಗಿನಿಂದ ಬಂದ ನನ್ನ ಮನೆಯವಳು ಇಬ್ಬರು ವಯೋವೃದ್ಧರು ಮೇಜಿನ ಕೆಳಗೆ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿರುವುದನ್ನು ಕಂಡು, ಕಾಫಿಯ ಲೋಟಗಳನ್ನು ಅಲ್ಲಿಯೇ ನೆಲದ ಮೇಲಿಟ್ಟು ಹೋದಳು.

ಅಂತೂ ಎರಡನೆಯ ಮನೆಯ ಗೃಹಪ್ರವೇಶವಾಯಿತು. ಯಂತ್ರವು ಕನ್ನಡದಲ್ಲಿ ಮಾತಾಡತೊಡಗಿ, ಫೈಲನ್ನು ಕಡತವೆಂದೂ ಹಾಳುಮೂಳು ತುಂಬುವ ಜಾಗವನ್ನು ಕಸದಬುಟ್ಟಿಯೆಂದೂ ಕರೆದುದನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು. ಕೇದಗೆ, ಮಲ್ಲಿಗೆ ಎಂಬ ಹೂವಿನ ಹೆಸರಿನ ಕನ್ನಡ ಅಕ್ಷರಗಳು ಲಿನಕ್ಸಿನ ಅಂಗಳದಲ್ಲಿ ಬಹುಕಾಲದಿಂದ ಬೆಳೆದಿವೆಯೆಂದು ಮೇಷ್ಟ್ರು ಹೇಳಿದಾಗ ಆ ಸಂತೋಷ ಇಮ್ಮಡಿಯಾಯಿತು. ಅದು ಉಳಿದದ್ದು ದೇವಸ್ಥಾನದ ಲೆಕ್ಕವನ್ನು ತೆರೆಯುವವರೆಗೆ. ಹಿಂದೆ ನಾನದನ್ನು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ರೀತಿಯಲ್ಲಿ ಬೆರಳಚ್ಚು ಮಾಡಿದ್ದೆ. ಆ ರೀತಿಯಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ವೇಷ ಮರೆಸಿಕೊಂಡು ವಾಸಿಸುತ್ತವೆ. ವೇಷ ತೊಡಿಸುವ ಫಾಂಟು ಹೊಸ ಮನೆಯಲ್ಲಿರಲಿಲ್ಲ. ಆದುದರಿಂದ ಧ್ವಜಸ್ತಂಭದ ಖರ್ಚು, ಕಲಶದ ದೇಣಿಗೆ, ಶಿಲ್ಪಿಗೆ ಕೊಟ್ಟ ಮುಂಗಡ, ಎಲ್ಲವೂ ಕೊಂಬು ಬಾಲಗಳುಳ್ಳ ಯಾವುದೋ ಯವನಲಿಪಿಯಾಗಿ ಎದ್ದುನಿಂತುವು. ಅಂಕಿಗಳು ಮಾತ್ರ ಹಾಗೆಯೇ ಇದ್ದುವು. ಎಷ್ಟು ಹಣ ಖರ್ಚಾಗಿದೆಯೆಂಬುದು ಸ್ಪಷ್ಟವಾಗಿ, ಏತಕ್ಕೆ ಖರ್ಚಾಗಿದೆಯೆಂಬುದು ಯಾರಿಗೂ ತಿಳಿಯದಂತಿದ್ದ ಆ ಪತ್ರವನ್ನು ಸಮಿತಿಯ ಸದಸ್ಯರೊಬ್ಬರು ನೋಡಿ, "ಲೆಕ್ಕ ಅಂದ್ರೆ ಹಿಂಗಿರಬೇಕು" ಎಂದು ಮೆಚ್ಚಿದರು. ಯುನಿಕೋಡಿಗೆ ಪರಿವರ್ತಿಸಿದರೆ ಎಲ್ಲವೂ ಸರಿಯಾಗುವುದೆಂದು ಮೇಷ್ಟ್ರು ಧೈರ್ಯ ಹೇಳಿದರು, ಪರಿವರ್ತಿಸಿಯೂ ಕೊಟ್ಟರು. ಒತ್ತಕ್ಷರ ತಪ್ಪಿದ ಕಡೆಗಳನ್ನು ತಿದ್ದುವುದರಲ್ಲಿ ನನ್ನ ದೀಪಾವಳಿ ಕಳೆಯಿತು.

ಎರಡನೆಯ ವಿಘ್ನ ಕಾಲಪುರುಷನದು. ಒಂದು ಬೆಳಗ್ಗೆ ಹತ್ತು ಗಂಟೆಗೆ ವಿಂಡೋಸಿಗೆ ಹೋದರೆ ಅದರ ಮೂಲೆಯಲ್ಲಿ ನಾಲ್ಕೂವರೆ ಎಂದಿತ್ತು. ಸಂಜೆ ಐದೂವರೆಗೆ ನೋಡಿದರೆ ಮಧ್ಯಾಹ್ನ ಹನ್ನೆರಡು. ಯಂತ್ರದ ಒಡಲಲ್ಲಿ ಗುಂಡುಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಗಡಿಯಾರವೊಂದುಂಟಂತೆ. ವಿಂಡೋಸು ಅದನ್ನು ಊರ ವೇಳೆಗೆ ಇಡುವುದು, ಲಿನಕ್ಸು ಅದನ್ನು ಜಗತ್ತಿನ ಸಾಮಾನ್ಯ ವೇಳೆಗೆ ಇಟ್ಟು ಅದಕ್ಕೆ ನಮ್ಮ ಐದೂವರೆ ಗಂಟೆಯನ್ನು ಮನಸ್ಸಿನಲ್ಲೇ ಕೂಡಿಕೊಳ್ಳುವುದು. ಲಿನಕ್ಸಿನ ಸರದಿ ಮುಗಿಸಿ ವಿಂಡೋಸಿಗೆ ಬಂದರೆ, ಅದು ಆ ಗಡಿಯಾರವನ್ನು ನಂಬಿ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಜಂಟಿ ಬೋರಿನ ಜಗಳಗಳೂ ಇಲ್ಲಿಂದಲೇ ಅಲ್ಲವೆ ಹುಟ್ಟುವುದು? ಅಣ್ಣನ ಕೈಗಡಿಯಾರದಲ್ಲಿ ಆರಾದಾಗ ತಮ್ಮನ ಮೊಬೈಲಿನಲ್ಲಿ ಆರಕ್ಕೆ ಹತ್ತು ನಿಮಿಷ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಅದೂ ಊರ ವೇಳೆಗೆ ಒಗ್ಗಿಕೊಳ್ಳುವುದೆಂದು ಮೇಷ್ಟ್ರೇ ಒಪ್ಪಿದರೂ, ಅದನ್ನು ಕೊಡಲು ಅವರ ಮನಸ್ಸು ಒಡಂಬಡಲಿಲ್ಲ. "ತಪ್ಪು ಯಾರದೋ ಅವರು ತಿದ್ದಿಕೊಳ್ಳಲಿ" ಎಂದು ಫೋನಿನಲ್ಲಿ ನುಡಿದರು. ತತ್ತ್ವಕ್ಕಾಗಿ ಐದೂವರೆ ಗಂಟೆ ಕಳೆದುಕೊಳ್ಳುವುದು ಅವರಿಗೆ ದೊಡ್ಡದಲ್ಲ. ರಾಹುಕಾಲ ನೋಡಿ ಹೊರಡುವ ನನ್ನ ಮನೆಯವಳಿಗೆ ದೊಡ್ಡದು.

ಆ ಒಂದು ಸಾಲಿನ ಆಜ್ಞೆಯನ್ನು ಹೇಗಾದರೂ ಕೇಳಿ ಪಡೆಯಬೇಕೆಂದು ನಾನು ಕಾರ್ತಿಕದ ಒಂದು ಬೆಳಗ್ಗೆ ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮೇಷ್ಟ್ರು ತಮ್ಮ ಕಂಪ್ಯೂಟರಿನ ಮುಂದೆ ನಿಶ್ಚಲರಾಗಿ ಕುಳಿತಿದ್ದರು. ಕಪ್ಪು ತೆರೆಯ ಮೇಲೆ, ಯಂತ್ರ ಎದ್ದೊಡನೆ ಗ್ರಬ್ ಎಂಬ ದ್ವಾರಪಾಲಕನು ತೋರುವ ಪಟ್ಟಿ: ಮೇಲೊಂದು ಸಾಲು ಉಬುಂಟು, ಕೆಳಗೊಂದು ಸಾಲು ವಿಂಡೋಸ್, ನಡುವೆ ಒಂದೆರಡು ಸಣ್ಣ ಸಾಲು. ಸುಮ್ಮನೆ ಬಿಟ್ಟರೆ ಹತ್ತು ಸೆಕೆಂಡು ಎಣಿಸಿ ಮೇಲಿನದಕ್ಕೆ ತಾನೇ ಹೋಗುತ್ತದೆ. ಬಾಣದ ಕೀಲಿಯೊಂದನ್ನು ಮುಟ್ಟಿದರೆ ಎಣಿಕೆ ನಿಂತು, ನಾವಾಗಿ ಹೇಳುವವರೆಗೂ ಕಾಯುತ್ತದೆ. ಮೇಷ್ಟ್ರು ಮುಟ್ಟಿದ್ದರು.

"ಏನು ಕೆಲಸ ನಡೀತಿದೆ ಮೇಷ್ಟ್ರೇ?"

"ಕೆಲಸವೇನೂ ಇಲ್ಲ. ಬನ್ನಿ, ಕೂತ್ಕೊಳ್ಳಿ."

ಕುಳಿತೆ. ಅವರು ಕೆಳಗಿನ ಬಾಣವನ್ನು ಒತ್ತುತ್ತ ಹೋದರು. ಬೆಳಕಿನ ಪಟ್ಟಿ ವಿಂಡೋಸಿನ ಮೇಲೆ ಬಂತು. ಮೇಲಿನದನ್ನು ಒತ್ತುತ್ತ ಬಂದರು, ಉಬುಂಟುವಿನ ಮೇಲೆ ಹೋಯಿತು. ಇಪ್ಪತ್ತು ವರ್ಷದಿಂದ ಇವರು ಊರಿನ ಯಂತ್ರಗಳಿಗೆಲ್ಲ ಎರಡನೆಯ ಬಾಗಿಲು ಇಡಿಸುತ್ತ ಬಂದಿದ್ದಾರೆ. ಆ ಬಾಗಿಲ ಒಳಗೆ ಹೋಗಿ ಇವರು ಒಂದು ಪತ್ರ ಬರೆದುದನ್ನಾಗಲಿ, ಒಂದು ಲೆಕ್ಕ ಮಾಡಿದುದನ್ನಾಗಲಿ ನಾನು ಕಂಡವನಲ್ಲವೆಂಬುದು ಆಗ ನೆನಪಿಗೆ ಬಂತು. ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು, ಹಾಕಿದ ಮೇಲೆ ಇದ್ದ ವೈಫೈ ಇಲ್ಲದಂತಾದುದನ್ನು ಮತ್ತೆ ತರಿಸುವುದು, ಬಂದ ಮೇಲೆ ತೃಪ್ತರಾಗಿ ಯಂತ್ರವನ್ನು ಆರಿಸುವುದು, ಇಷ್ಟೇ ಅವರ ವ್ಯವಹಾರ. ತೋಟದ ಲೆಕ್ಕವನ್ನು ಅವರು ಇಂದಿಗೂ ಬರೆದಿಡುವುದು ಕೆಂಪು ಬಟ್ಟೆಯ ಅಂಚಿನ ಕಿರ್ದಿಪುಸ್ತಕದಲ್ಲಿ.

ಗಡಿಯಾರದ ಮಾತು ತೆಗೆಯಬೇಕೆಂದಿರುವಷ್ಟರಲ್ಲಿ ಹಿತ್ತಿಲಿನ ಬೇಲಿಯಾಚೆಯಿಂದ ಕೂಗು ಕೇಳಿಸಿತು: "ಅಣ್ಣಾ, ನನ್ನದು ಆಯ್ತು. ಗೇಟ್‌ವಾಲು ನಿನ್ನ ಕಡೆಗೆ ತಿರುಗಿಸ್ಕೋ!"

"ಇನ್ನೊಂದು ಅರ್ಧ ಗಂಟೆ ನಿನ್ನ ಕಡೆಗೇ ಬಿಡು, ಆ ಕಲ್ಲುಮೂಲೆ ಗಿಡ ಒಣಗ್ತಿವೆ" ಎಂದು ಮೇಷ್ಟ್ರು ಕೂಗಿ ಹೇಳಿ, ಹೇಳಿದ್ದು ಸಾಲದೆಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತಾವೇ ಎದ್ದುಹೋದರು. ಗಡಿಯಾರ ನೋಡಲಿಲ್ಲ.

ಕೋಣೆಯಲ್ಲಿ ನಾನೂ ಆ ಪಟ್ಟಿಯೂ ಉಳಿದೆವು. ಎರಡು ಸಾಲುಗಳೂ, ಮನೆಗೆ ಬಂದವನು ಯಾರ ಪಾತ್ರೆಯ ಮಜ್ಜಿಗೆ ಕುಡಿಯುವನೋ ಎಂದು ನೋಡುವ ಓರಗಿತ್ತಿಯರಂತೆ, ನನ್ನನ್ನೇ ನೋಡುತ್ತಿದ್ದುವು. ಅವಸರ ಯಾರಿಗೂ ಇರಲಿಲ್ಲ. ಕೈ ಸುಮ್ಮನಿರದೆ ಕೆಳಗಿನ ಬಾಣ ಒತ್ತಿದೆ; ಬೆಳಕು ಇಳಿಯಿತು. ಮೇಲಿನದು ಒತ್ತಿದೆ, ಏರಿತು. ಮತ್ತೆ ಇಳಿಸಿದೆ. ನನ್ನ ಯಂತ್ರ ಕೊಂಡ ದಿನದಿಂದ, ಅದು ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಹೋಗಿ ಕುಳಿತವನು ನಾನು. ಎಲ್ಲಿಗೆ ಹೋಗೋಣವೆಂದು ಅದು ಕೈಕಟ್ಟಿ ನಿಂತು ಕೇಳಬಹುದೆಂಬುದೇ ತಿಳಿದಿರಲಿಲ್ಲ. ಇನ್ನೊಮ್ಮೆ ಏರಿಸಿದೆ.

ಎಷ್ಟು ಹೊತ್ತಾಯಿತೋ, ಮೇಷ್ಟ್ರ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅವರು ಯಾವಾಗಲೋ ತಂದಿಟ್ಟಿದ್ದ ಕಾಫಿಗೆ ಕೆನೆ ಕಟ್ಟಿತ್ತು.

"ಅಯ್ಯೋ, ನಿಮಗೂ ಹಿಡೀತೇ ಇದು?" ಎಂದು, ಲೋಟವನ್ನು ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದರು.